ಬೇಕರಿ ಕೆಲಸ ಕಲಿಯಲು ಸೇರುವವರ ಗಮನಕ್ಕೆ

ಬ್ರೆಡ್, ಬನ್, ಬಿಸ್ಕೆಟ್, ಕೇಕ್ ಮಾಡುವ ಕಸುಬನ್ನು ಬೇಕರಿಯೊಳಗೇ ನಿಂತು ಕಲಿಯಬೇಕೆಂದಿರುವವರಿಗೆ ಈ ಸೂಚನೆ. ಎಸ್ಸೆಸ್ಸೆಲ್ಸಿ ಮುಗಿಸಿದವರು, ಪಿಯುಸಿ ಅರ್ಧಕ್ಕೆ ಬಿಟ್ಟವರು, ಕಚೇರಿ ಕೆಲಸ ಸಾಕೆಂದು ಬಂದವರು, ಯಾರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಮನೆಯ ಹಿರಿಯರೂ ಓದಬೇಕು. ಹದಿನೆಂಟು ತುಂಬದವರ ಒಪ್ಪಂದಕ್ಕೆ ಸಹಿ ಹಾಕಬೇಕಾದವರು ಅವರೇ.

ಕಲಿತವನ ಪಕ್ಕದಲ್ಲಿ ನಿಂತು ಕಲಿಯುವ ಪದ್ಧತಿ ನಮ್ಮ ಬೇಕರಿಗಳಿಗೆ ಹೊಸದೇನಲ್ಲ. ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಆಮೇಲೆ ಊರೂರಿಗೆ ಅಯ್ಯಂಗಾರ್ ಬೇಕರಿಗಳು ಹಬ್ಬಿದ್ದು ಯಾವ ಕಾಲೇಜಿನಿಂದಲೂ ಅಲ್ಲ. ಹಾಸನದ ಕಡೆಯ ಹುಡುಗರು ನೆಂಟರ ಅಂಗಡಿಗೆ ಬಂದರು, ಅಲ್ಲೇ ಉಂಡು ಅಲ್ಲೇ ಮಲಗಿ ಕಲಿತರು, ಕೆಲವು ವರ್ಷಕ್ಕೆ ಬೇರೆ ಬೀದಿಯಲ್ಲಿ ತಮ್ಮದೇ ಬೋರ್ಡು ಹಾಕಿದರು. ಆ ಕಾಲದಲ್ಲಿ ಕಾಗದವಿರಲಿಲ್ಲ, ಸಂಬಂಧವೇ ಜಾಮೀನು. ನಿಮಗೂ ಮಾಲೀಕರಿಗೂ ಇಂದು ಆ ನೆಂಟಸ್ತಿಕೆ ಇಲ್ಲ. ಆದ್ದರಿಂದ ಕಾಗದ ಬೇಕು.

ಸೇರುವ ಮುನ್ನ

ಮಾಡಬೇಕಾದ್ದು: ಒಂದು ರಾತ್ರಿಯ ಪಾಳಿ ಕೂತು ನೋಡಿ. ಅನುಮತಿ ಕೇಳಿದರೆ ಬಹಳ ಮಾಲೀಕರು ಬೇಡವೆನ್ನುವುದಿಲ್ಲ. ಬೆಳಿಗ್ಗೆ ಆರಕ್ಕೆ ಬನ್ ಅಂಗಡಿಯಲ್ಲಿ ಇರಬೇಕಾದರೆ ಹಿಟ್ಟು ಕಲಸುವವನು ನಡುರಾತ್ರಿ ದಾಟುತ್ತಲೇ ಏಳಬೇಕು. ಭಟ್ಟಿಯ ಎದುರು ಬೇಸಿಗೆಯಲ್ಲಿ ನಿಂತು ನೋಡಿ, ಐವತ್ತು ಕೆಜಿ ಮೈದಾ ಚೀಲವನ್ನು ಇಬ್ಬರು ಎತ್ತುವುದನ್ನು ನೋಡಿ. ಬೆಂಗಳೂರಿನ ಡಿಸೆಂಬರ್ ಕೇಕ್ ಶೋದಲ್ಲಿ ಸಕ್ಕರೆಯ ಅರಮನೆ ಕಂಡು ಈ ಕಸುಬಿಗೆ ಮನಸೋತವರು ಇದನ್ನು ಮೊದಲು ಮಾಡಲೇಬೇಕು. ಅರಮನೆ ಕಟ್ಟುವವರು ಕೆಲವೇ ಮಂದಿ. ದಿನವೂ ಬ್ರೆಡ್ ಮಾಡುವವರು ಸಾವಿರಾರು ಮಂದಿ, ಕೆಲಸ ಸಿಗುವುದೂ ಅಲ್ಲೇ.

ಯಾವ ದಾರಿಯಲ್ಲಿ ಹೋಗಬೇಕೆಂದು ಮೊದಲೇ ತೀರ್ಮಾನಿಸಿ. ಐಟಿಐಗಳಲ್ಲಿ ಬೇಕರ್ ಅಂಡ್ ಕನ್ಫೆಕ್ಷನರ್ ಎಂಬ ಒಂದು ವರ್ಷದ ಟ್ರೇಡ್ ಇದೆ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಹಿಟ್ಟು ಮತ್ತು ಬೇಕಿಂಗ್ ತಂತ್ರಜ್ಞಾನಕ್ಕೇ ಒಂದು ವಿಭಾಗವಿದೆ. ಇವುಗಳಲ್ಲಿ ಓದಿ ಆಮೇಲೆ ಅಪ್ರೆಂಟಿಸ್ ಆಗಬಹುದು, ನೇರವಾಗಿಯೂ ಆಗಬಹುದು. ನನ್ನನ್ನು ಕೇಳಿದರೆ, ಕೈಯಲ್ಲಿ ದುಡ್ಡಿಲ್ಲದವರು ನೇರವಾಗಿ ಸೇರುವುದೇ ಸರಿ. ಏಕೆಂದರೆ ಅಪ್ರೆಂಟಿಸ್‌ಗೆ ಶಿಷ್ಯವೇತನ ಬರುತ್ತದೆ, ಶುಲ್ಕ ಕಟ್ಟುವಂತಿಲ್ಲ.

ಮಾಡಬಾರದ್ದು: ಸೀಟು ಕೊಡಿಸುತ್ತೇನೆಂದು ಬರುವ ಮಧ್ಯವರ್ತಿಗೆ ಒಂದು ರೂಪಾಯಿಯೂ ಕೊಡಕೂಡದು. ಅಸಲು ಅಂಕಪಟ್ಟಿಯನ್ನು ಮಾಲೀಕರ ಬೀರುವಿನಲ್ಲಿ ಇಡಕೂಡದು. ನಕಲು ಪ್ರತಿ ಸಾಕು. ಹದಿನಾಲ್ಕು ತುಂಬದ ಮಗುವನ್ನು ಯಾವ ಹೆಸರಿನಲ್ಲೂ ಕೆಲಸಕ್ಕೆ ಕಳಿಸಕೂಡದು. ‘ಬೇಸಿಗೆ ರಜದಲ್ಲಿ ಸುಮ್ಮನೆ ಕಲಿಯಲಿ’ ಎಂಬ ಮಾತನ್ನು ಕಾನೂನು ಒಪ್ಪುವುದಿಲ್ಲ.

ಒಪ್ಪಂದ, ದುಡ್ಡು

ಮಾಡಬೇಕಾದ್ದು: 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಮಾಡಿಕೊಂಡೇ ಕೆಲಸಕ್ಕೆ ನಿಲ್ಲಿ. ಆ ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ನಾಲ್ಕು ಅಥವಾ ಹೆಚ್ಚು ಜನ ದುಡಿಯುವ ಬೇಕರಿ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. ಮೂವತ್ತು ಅಥವಾ ಹೆಚ್ಚು ಜನರಿದ್ದರೆ ತೆಗೆದುಕೊಳ್ಳಲೇಬೇಕು. ಗಂಡ, ಹೆಂಡತಿ, ಒಬ್ಬ ಹುಡುಗ ನಡೆಸುವ ಅಂಗಡಿಯಲ್ಲಿ ಕಸುಬು ಕಲಿಯಬಹುದು, ಆದರೆ ಕಾಯ್ದೆಯ ಪ್ರಮಾಣಪತ್ರ ಅಲ್ಲಿ ಸಿಗುವುದಿಲ್ಲ. ಇದು ಗೊತ್ತಿದ್ದೇ ಸೇರಬೇಕು.

2019ರ ತಿದ್ದುಪಡಿ ಶಿಷ್ಯವೇತನದ ಕನಿಷ್ಠ ಮಟ್ಟವನ್ನು ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ನಿಗದಿ ಮಾಡಿತು. ಎರಡನೇ ವರ್ಷಕ್ಕೆ ಅದು ಏರಬೇಕು. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಇದರ ಕಾಲು ಭಾಗವನ್ನು, ಹೆಚ್ಚೆಂದರೆ 1,500 ರೂಪಾಯಿಯನ್ನು ಭರಿಸುತ್ತದೆ. ದರ ಪರಿಷ್ಕರಣೆ ಆಗುತ್ತಿರುತ್ತದೆ. ಸಹಿ ಹಾಕುವ ದಿನದ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ದುಡ್ಡು ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೆ ಬರಬೇಕು. ಆಧಾರ್ ಜೋಡಣೆ ಮೊದಲೇ ಮುಗಿಸಿಡಿ, ಇಲ್ಲವಾದರೆ ಸರ್ಕಾರದ ಪಾಲು ಅಲ್ಲೇ ನಿಂತುಬಿಡುತ್ತದೆ.

ಮಾಡಬಾರದ್ದು: ‘ಒಂದು ಪಫ್ಸಿಗೆ ಇಷ್ಟು, ಒಂದು ಟ್ರೇ ಬನ್ನಿಗೆ ಇಷ್ಟು’ ಎಂಬ ಲೆಕ್ಕಕ್ಕೆ ಒಪ್ಪಬೇಡಿ. ಅಪ್ರೆಂಟಿಸ್‌ಗೆ ತುಂಡುಗುತ್ತಿಗೆ ಲೆಕ್ಕದಲ್ಲಿ ಕೊಡುವಂತೆಯೇ ಇಲ್ಲ ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಕಾರಣ ಸರಿಯಾಗಿಯೇ ಇದೆ. ಎಣಿಕೆಗೆ ದುಡ್ಡು ಬರುವಂತಾದರೆ ಹುಡುಗ ತನಗೆ ಬರುವ ಒಂದೇ ಕೆಲಸವನ್ನು ವರ್ಷವಿಡೀ ಮಾಡುತ್ತಾನೆ, ಉಳಿದದ್ದನ್ನು ಕಲಿಯುವುದೇ ಇಲ್ಲ. ಓವರ್‌ಟೈಮ್ ಕೂಡ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಮಾಡಿಸುವಂತಿಲ್ಲ. ನೀವಾಗಿಯೇ ಮುಂದೆ ಬಿದ್ದು ಮಾಡಲೂಬೇಡಿ. ಹಬ್ಬದ ಸೀಸನ್‌ನಲ್ಲಿ ಹೊಗಳಿಕೆಗೆ ಮರುಳಾಗಿ ಹದಿನಾರು ಗಂಟೆ ನಿಂತವರು ಜನವರಿಯಲ್ಲಿ ಕೆಲಸ ಬಿಟ್ಟುಹೋಗುವುದು ಮಾಮೂಲು.

ಮೊದಲ ತಿಂಗಳುಗಳು

ಟ್ರೇ ಉಜ್ಜಿಸುತ್ತಾರೆ. ಉಜ್ಜಿ. ಮೈದಾ ಜರಡಿ ಹಿಡಿಸುತ್ತಾರೆ, ನೆಲ ಒರೆಸಿಸುತ್ತಾರೆ, ಅಚ್ಚುಗಳಿಗೆ ಎಣ್ಣೆ ಸವರಿಸುತ್ತಾರೆ. ಅದನ್ನೂ ಮಾಡಿ. ಎಣ್ಣೆ ಹೆಚ್ಚಾದ ಅಚ್ಚಿನಲ್ಲಿ ಬ್ರೆಡ್ಡಿನ ಬದಿ ಕರಿದಂತಾಗುತ್ತದೆ, ಕಡಿಮೆಯಾದರೆ ತಳ ಕಿತ್ತು ಬರುತ್ತದೆ. ಅಷ್ಟನ್ನು ಕೈ ತಿಳಿದುಕೊಳ್ಳಬೇಕಾದರೆ ನೂರಾರು ಅಚ್ಚು ಸವರಬೇಕು. ಆದರೆ ಆರು ತಿಂಗಳಾದರೂ ಟ್ರೇ ಬಿಟ್ಟು ಬೇರೇನೂ ಕೈಗೆ ಕೊಡದಿದ್ದರೆ ಸುಮ್ಮನಿರಬಾರದು. ‘ಮಾಸ್ಟ್ರೇ, ನನ್ನನ್ನು ಕಲಸೋ ಕಡೆ ಹಾಕಿ’ ಎಂದು ಬಾಯಿಬಿಟ್ಟು ಕೇಳಿ. ಆಗಲೂ ಆಗದಿದ್ದರೆ ಮಾಲೀಕರನ್ನು ಕೇಳಿ, ಆಮೇಲೆ ಒಪ್ಪಂದ ತೋರಿಸಿ. ತೂಕ, ಕಲಸುವುದು, ಮಡಿಸುವುದು, ಹುದುಗು, ಭಟ್ಟಿ, ಪ್ಯಾಕಿಂಗ್ ಎಲ್ಲ ಕಡೆಯೂ ನಿಮ್ಮನ್ನು ತಿರುಗಿಸುವುದು ಅವರ ಹೊಣೆ. ಅಪ್ರೆಂಟಿಸ್ ಎಂದರೆ ಕಲಿಯುವವನು, ಕೂಲಿಯವನಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಈ ಒಂದು ವಿಷಯದಲ್ಲಿ ಸಂಕೋಚ ಪಟ್ಟವರು ಮೂರು ವರ್ಷ ಕಳೆದರೂ ಹೆಲ್ಪರ್ ಆಗಿಯೇ ಉಳಿಯುತ್ತಾರೆ.

ಐಸಿಂಗ್ ಮೇಜಿನ ಕಡೆಗೆ ಮೊದಲ ವರ್ಷ ಆಸೆಪಡಬೇಡಿ. ಕೆನೆಯ ಹೂವು ಮೊಬೈಲ್ ನೋಡಿ ಮನೆಯಲ್ಲೂ ಕಲಿಯಬಹುದು. ಐವತ್ತು ಕೆಜಿ ಹಿಟ್ಟು ಇವತ್ತು ಯಾಕೆ ಹೀಗೆ ಅಂಟುತ್ತಿದೆ ಎಂಬುದನ್ನು ಮನೆಯಲ್ಲಿ ಕಲಿಯಲಾಗದು.

ಹಿಟ್ಟಿನ ಮುಂದೆ

ಇದು ಈ ಸೂಚನೆಯ ಮುಖ್ಯ ಭಾಗ.

ತಕ್ಕಡಿ ಇಲ್ಲದೆ ಏನನ್ನೂ ಹಾಕಕೂಡದು. ಹಳೆಯ ಮಾಸ್ಟರ್ ಕೈಯಳತೆಯಲ್ಲಿ ಉಪ್ಪು ಎಸೆಯುವುದನ್ನು ನೋಡಿ ನೀವೂ ಎಸೆಯಬೇಡಿ. ಅವರ ಕೈಗೆ ಮೂವತ್ತು ವರ್ಷದ ಅಭ್ಯಾಸವಿದೆ. ನೀರನ್ನೂ ತೂಗಿ. ಲೀಟರು ಡಬ್ಬಿ ಸೊಟ್ಟಗಿದ್ದರೆ ಅಳತೆಯೂ ಸೊಟ್ಟಗೆ.

ಬೇಕರಿ ಲೆಕ್ಕ ಕಲಿಯಿರಿ. ಅದರಲ್ಲಿ ಮೈದಾ ಎಷ್ಟೇ ಇರಲಿ ಅದು ನೂರು. ಉಳಿದ ಪದಾರ್ಥಗಳೆಲ್ಲ ಅದರ ಶೇಕಡಾ ಲೆಕ್ಕ. ಮಾಮೂಲಿ ಬ್ರೆಡ್ಡಿಗೆ ನೀರು 58, ಸಕ್ಕರೆ 5, ಕೊಬ್ಬು 3, ಉಪ್ಪು 2, ಒಣ ಈಸ್ಟ್ 1 ಎಂದಿಟ್ಟುಕೊಳ್ಳಿ. ಹತ್ತು ಕೆಜಿ ಮೈದಾಕ್ಕೆ 5.8 ಕೆಜಿ ನೀರು, 500 ಗ್ರಾಂ ಸಕ್ಕರೆ, 300 ಗ್ರಾಂ ಕೊಬ್ಬು, 200 ಗ್ರಾಂ ಉಪ್ಪು, 100 ಗ್ರಾಂ ಈಸ್ಟ್. ಒಟ್ಟು 16.9 ಕೆಜಿ ಹಿಟ್ಟಿನ ಮುದ್ದೆ. ಭಟ್ಟಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ನೀರು ಆವಿಯಾಗುವುದರಿಂದ 400 ಗ್ರಾಂ ಬ್ರೆಡ್ ಬೇಕಾದರೆ 450 ಗ್ರಾಂ ಮುದ್ದೆ ಹಾಕಬೇಕು. ಹಾಗಾದರೆ 37 ಬ್ರೆಡ್ ಬರುತ್ತದೆ, ಸ್ವಲ್ಪ ಮಿಗುತ್ತದೆ. ಈ ಲೆಕ್ಕ ಬಾಯಲ್ಲೇ ಬರುವ ತನಕ ಬಿಡಬೇಡಿ. ಮಾಲೀಕರು ‘ನಾಳೆ ಅರವತ್ತು ಬ್ರೆಡ್ ಬೇಕು’ ಎಂದಾಗ ಎಷ್ಟು ಮೈದಾ ಎಂದು ಥಟ್ಟನೆ ಹೇಳುವವನ ಮೇಲೆ ಅಂಗಡಿ ನಡೆಯುತ್ತದೆ. ಪೊಟ್ಟಣದ ಮೇಲೆ 400 ಎಂದು ಬರೆದು 370 ಕೊಡುವುದು ತೂಕದಲ್ಲಿ ಮೋಸ. ‘ಯಾರು ತೂಗ್ತಾರೆ’ ಎಂದು ಯಾರಾದರೂ ಹೇಳಿಕೊಟ್ಟರೂ ಕಲಿಯಬೇಡಿ.

ನೀರಿನ ಬಿಸಿ ನೋಡದೆ ಕಲಸಬೇಡಿ. ಕಲಸಿದ ಹಿಟ್ಟು 26ರಿಂದ 28 ಡಿಗ್ರಿ ಒಳಗೆ ಇರಬೇಕು. ಸುಲಭದ ಲೆಕ್ಕವೊಂದಿದೆ. ಬೇಕಾದ ಬಿಸಿಯನ್ನು ಇಮ್ಮಡಿ ಮಾಡಿ, ಅದರಲ್ಲಿ ಮೈದಾದ ಬಿಸಿಯನ್ನು ಕಳೆಯಿರಿ. ಹಿಟ್ಟು 27 ಡಿಗ್ರಿಗೆ ಬರಬೇಕು, ಗೋದಾಮಿನ ಮೈದಾ 31 ಡಿಗ್ರಿ ಇದೆ ಎಂದರೆ ನೀರು 23 ಡಿಗ್ರಿ ಇರಬೇಕು. ಮಿಕ್ಸರ್ ತಿರುಗುವಾಗಲೂ ಬಿಸಿ ಏರುವುದರಿಂದ ಅದಕ್ಕಿಂತ ಇನ್ನೂ ತಂಪಾದರೂ ತಪ್ಪಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಮಂಜುಗಡ್ಡೆ ಹಾಕಲೇಬೇಕಾಗುತ್ತದೆ; ಮಡಿಕೇರಿಯ ಜುಲೈಯಲ್ಲಿ ಬೆಚ್ಚನೆ ನೀರು. ಒಂದೇ ಪಾಕಪಟ್ಟಿಯನ್ನು ಎರಡೂ ಊರಲ್ಲಿ ಕಣ್ಣುಮುಚ್ಚಿ ನಡೆಸುವವನಿಗೆ ಪಟ್ಟಿ ಗೊತ್ತು, ಹಿಟ್ಟು ಗೊತ್ತಿಲ್ಲ.

ಕುದಿನೀರಿಗೆ ಈಸ್ಟ್ ಹಾಕಬೇಡಿ. 60 ಡಿಗ್ರಿ ತಲುಪುವ ಹೊತ್ತಿಗೆ ಅದು ಸತ್ತಿರುತ್ತದೆ. ಉಪ್ಪನ್ನೂ ಈಸ್ಟನ್ನೂ ಒಂದೇ ಮೂಲೆಗೆ ಸುರಿಯಬೇಡಿ. ಹಸಿ ಈಸ್ಟನ್ನು ಫ್ರಿಜ್‌ನ ಹೊರಗೆ ಮರೆಯಬೇಡಿ. ಒಣ ಈಸ್ಟ್ ಬದಲು ಹಸಿಯದು ಬಳಸುವಾಗ ಸುಮಾರು ಮೂರು ಪಟ್ಟು ಬೇಕು.

ಮುಟ್ಟಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಕಲಸಿದ ಹಿಟ್ಟಿನ ತುಣುಕನ್ನು ಬೆರಳುಗಳ ನಡುವೆ ಎಳೆದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಉಬ್ಬಿದ ಹಿಟ್ಟನ್ನು ಬೆರಳಿನಿಂದ ಒತ್ತಿದರೆ ಗುಳಿ ನಿಧಾನಕ್ಕೆ ಮೇಲೇಳಬೇಕು. ತಕ್ಷಣ ಎದ್ದರೆ ಇನ್ನೂ ಸಮಯ ಬೇಕು, ಏಳದೇ ಕುಸಿದರೆ ಮಿತಿ ಮೀರಿದೆ. ಗಡಿಯಾರ ಒಂದು ಅಂದಾಜು ಕೊಡುತ್ತದೆ, ತೀರ್ಮಾನ ಬೆರಳಿನದು. ಒಂದು ನೋಟ್‌ಬುಕ್ ಇಟ್ಟು ದಿನವೂ ಮೈದಾದ ಕಂಪನಿ, ಮೈದಾದ ಬಿಸಿ, ನೀರಿನ ಬಿಸಿ, ಉಬ್ಬಲು ಹಿಡಿದ ಹೊತ್ತು, ಬ್ರೆಡ್ ಹೇಗೆ ಬಂತು ಎಂಬುದನ್ನು ಬರೆಯಿರಿ. ಮಾಸ್ಟರ್‌ರ ಪಾಕಪಟ್ಟಿಯನ್ನು ಮಾತ್ರ ಕದ್ದು ಫೋಟೊ ತೆಗೆಯಬೇಡಿ. ಕೇಳಿ, ಬೇಗ ಕೊಡದಿರಬಹುದು, ಕೊನೆಗೆ ಕೊಡುತ್ತಾರೆ. ಕೊಡದಿದ್ದರೂ ನಷ್ಟವಿಲ್ಲ, ದಿನವೂ ನೀವೇ ತೂಗುತ್ತಿರುತ್ತೀರಿ.

ಭಟ್ಟಿ, ಯಂತ್ರ

ತಿರುಗುವ ಮಿಕ್ಸರಿಗೆ ಕೈ ಹಾಕಕೂಡದು. ಬದಿಗೆ ಅಂಟಿದ ಹಿಟ್ಟನ್ನು ಕೆರೆಯುವುದಿದ್ದರೆ ಸ್ವಿಚ್ ಆರಿಸಿ, ಕೊಕ್ಕೆ ಪೂರ್ತಿ ನಿಂತ ಮೇಲೆ ಕೆರೆಯಿರಿ. ಬಳೆ, ಉಂಗುರ, ಕೈಗಡಿಯಾರ, ಕೈಗೆ ಕಟ್ಟಿದ ದಾರ, ಸಡಿಲ ತೋಳು, ಜೋತಾಡುವ ದುಪಟ್ಟಾ ಯಾವುದೂ ಯಂತ್ರದ ಹತ್ತಿರ ಬರಬಾರದು. ದೇವಸ್ಥಾನದ ದಾರ ತೆಗೆಯಲು ಮನಸ್ಸಿಲ್ಲದವರು ಅದನ್ನು ತೋಳಿನ ಮೇಲ್ಭಾಗಕ್ಕೆ ಕಟ್ಟಿಕೊಳ್ಳಲಿ. ಬಿಸ್ಕೆಟ್ ಹಿಟ್ಟು ಲಟ್ಟಿಸುವ ಯಂತ್ರದ ಕಾವಲು ಪಟ್ಟಿ ತೆಗೆದಿಟ್ಟಿದ್ದರೆ ಆ ಯಂತ್ರ ನಡೆಸುವುದಿಲ್ಲ ಎಂದು ಹೇಳಿ. ಹೇಳುವುದು ನಿಮ್ಮ ಹಕ್ಕು. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡುವುದು ಕಾಯ್ದೆಯ 16ನೇ ಕಲಂ ಪ್ರಕಾರ ಮಾಲೀಕರ ಹೊಣೆ. ಆದರೆ ಹೋದ ಬೆರಳು ಪರಿಹಾರದಿಂದ ಬಾರದು.

ಗ್ಯಾಸ್ ಓವನ್ ಹಚ್ಚುವಾಗ ಮೊದಲು ಬಾಗಿಲು ತೆರೆಯಿರಿ, ಕಿಡಿ ಹತ್ತಿರ ಹಿಡಿಯಿರಿ, ಆಮೇಲೆ ಗ್ಯಾಸ್ ಬಿಡಿ. ಈ ಕ್ರಮ ತಿರುಗುಮುರುಗಾಗಬಾರದು. ಬಿಸಿ ಟ್ರೇ ಹಿಡಿಯಲು ಒದ್ದೆ ಬಟ್ಟೆ ಬಳಸಬೇಡಿ. ಬಟ್ಟೆಯ ನೀರು ಆವಿಯಾಗಿ ಅಂಗೈ ಸುಡುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಶಾಯಿ ಹಚ್ಚಬೇಡಿ.

ಸೌದೆ ಭಟ್ಟಿ ಇರುವ ಬೇಕರಿ ಸಿಕ್ಕರೆ ಅದು ನಿಮ್ಮ ಅದೃಷ್ಟ. ನೆಲಕ್ಕೆ ಒಂದು ಚಿಟಿಕೆ ಮೈದಾ ಎರಚಿ ಅದು ಎಷ್ಟು ಬೇಗ ಕೆಂಪಾಗುತ್ತದೆಂದು ನೋಡಿ ಬಿಸಿ ಅಳೆಯುವ ವಿದ್ಯೆ ಡಿಜಿಟಲ್ ಓವನ್ ಮುಂದೆ ನಿಂತವನಿಗೆ ದಕ್ಕುವುದಿಲ್ಲ. ಇಳಿಯುವ ಬಿಸಿಯಲ್ಲೇ ಮೊದಲು ಬ್ರೆಡ್, ಆಮೇಲೆ ಕೇಕ್, ಕೊನೆಗೆ ರಸ್ಕ್ ಎಂಬ ಸರದಿಯನ್ನೂ ಅಲ್ಲೇ ನೋಡಬೇಕು. ಆದರೂ ಒಂದು ಥರ್ಮಾಮೀಟರ್ ಜೇಬಿನಲ್ಲಿರಲಿ. ಬ್ರೆಡ್ಡಿನ ನಡುವಿನ ಬಿಸಿ 95 ಡಿಗ್ರಿ ಆಸುಪಾಸು ಮುಟ್ಟಿದರೆ ಬೆಂದಿದೆ ಎಂದರ್ಥ. ಬೆಂದ ಬ್ರೆಡ್ಡನ್ನು ಬಿಸಿ ಇರುವಾಗಲೇ ಕೊಯ್ದು ಪ್ಯಾಕ್ ಮಾಡಬೇಡಿ. ಒಳಗೆ ಬೆವರಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಮೈದಾ ಧೂಳನ್ನು ಹಗುರವಾಗಿ ಎಣಿಸಬಾರದು. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಉಬ್ಬಸ ಜಗತ್ತಿನಾದ್ಯಂತ ಬೇಕರಿಯವರ ಕಾಯಿಲೆ ಎಂದೇ ಹೆಸರಾಗಿದೆ. ಚೀಲವನ್ನು ಎತ್ತರದಿಂದ ಸುರಿಯಬೇಡಿ, ಒಣ ಪೊರಕೆಯಿಂದ ಗುಡಿಸಬೇಡಿ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿ. ಕೆಲಸಕ್ಕೆ ಬಂದ ದಿನ ಸೀನು, ರಜೆಯ ದಿನ ಆರಾಮ ಎಂದು ಅನ್ನಿಸಿದರೆ ವೈದ್ಯರ ಬಳಿ ಹೋಗಿ, ಬೇಕರಿ ಕೆಲಸ ಎಂದು ಮೊದಲೇ ಹೇಳಿ.

ತಿನ್ನುವವರ ಬಗ್ಗೆ

ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯಿಡ್ ಲಸಿಕೆ ಹಾಕಿಸಿಕೊಳ್ಳಬೇಕು. ಭೇದಿ, ವಾಂತಿ, ಕಾಮಾಲೆ ಇದ್ದಾಗ ಹಿಟ್ಟು ಮುಟ್ಟಕೂಡದು. ಕೈಗೆ ಗಾಯವಾಗಿದ್ದರೆ ನೀರು ಹೋಗದ ಪಟ್ಟಿ ಹಾಕಿ, ಮೇಲೆ ಕೈಗವಸು. ಗುಟ್ಕಾ, ಎಲೆಅಡಿಕೆ ಬಾಯಲ್ಲಿಟ್ಟು ಒಳಗೆ ಬರುವಂತಿಲ್ಲ. ಇದರಲ್ಲಿ ಮಾತೇ ಇಲ್ಲ.

ಕೇಕ್ ಬಣ್ಣವನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಅನುಮತಿ ಇರುವ ಕೃತಕ ಬಣ್ಣಕ್ಕೂ ಕೆಜಿಗೆ 100 ಮಿಲಿಗ್ರಾಂ ಮಿತಿ ಇದೆ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಸುರಕ್ಷಿತವಲ್ಲ ಎಂದು ಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಆ ಸುದ್ದಿಯಲ್ಲಿ ಮುಂದಿದ್ದವು. ಬ್ರೆಡ್ ಹಿಟ್ಟಿಗೆ ಪೊಟ್ಯಾಸಿಯಂ ಬ್ರೋಮೇಟ್ ಹಾಕುವುದನ್ನು ದೇಶದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಹೆಸರಿಲ್ಲದ ಪೊಟ್ಟಣದ ‘ಬ್ರೆಡ್ ಪೌಡರ್’ ಯಾರಾದರೂ ಕೊಟ್ಟರೆ ಅದರ ಮೇಲೆ ಏನು ಬರೆದಿದೆ ಎಂದು ಕೇಳಿ. ವನಸ್ಪತಿ, ಮಾರ್ಗರಿನ್ ಡಬ್ಬದ ಮೇಲಿನ ಟ್ರಾನ್ಸ್ ಫ್ಯಾಟ್ ಅಂಕಿಯನ್ನೂ ಓದಿ. 2022ರ ಜನವರಿಯಿಂದ ಶೇ 2ಕ್ಕಿಂತ ಹೆಚ್ಚಿರುವಂತಿಲ್ಲ.

ಮಿಕ್ಕ ಬ್ರೆಡ್ ರಸ್ಕಿಗೆ ಹೋಗುವುದು ಸರಿ. ಬೂಷ್ಟು ಬಂದ ಭಾಗ ಕತ್ತರಿಸಿ ಉಳಿದದ್ದನ್ನು ಒಣಗಿಸುವುದು ತಪ್ಪು. ಬೇಸಿಗೆಯಲ್ಲಿ ಬ್ರೆಡ್ ಒಳಗೆ ಅಂಟಂಟಾಗಿ, ಕೊಳೆತ ಹಣ್ಣಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಕೆಲಸ. ಆ ಬ್ರೆಡ್ಡನ್ನು ಹೊರಹಾಕಿ ಮೇಜು, ಅಚ್ಚು, ಕತ್ತಿ ಎಲ್ಲವನ್ನೂ ತೊಳೆದು ವಿನೆಗರ್ ನೀರಿನಲ್ಲಿ ಒರೆಸಿ. ಖಾರ ಬನ್ನಾಗಲಿ, ಕಾಂಗ್ರೆಸ್ ಕಡ್ಲೆಬೀಜವಾಗಲಿ ಹಳೆ ಪತ್ರಿಕೆಯಲ್ಲಿ ಸುತ್ತಿ ಕೊಡಬೇಡಿ.

ಹೆಣ್ಣುಮಕ್ಕಳಿಗೆ, ಅವರ ಜೊತೆ ದುಡಿಯುವವರಿಗೆ

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅಪ್ರೆಂಟಿಸ್‌ಗೂ ಅನ್ವಯಿಸುತ್ತದೆ, ಹಾಗೆಂದು ಅದರಲ್ಲೇ ಬರೆದಿದೆ. ಹತ್ತು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದ ಸಣ್ಣ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸೇರುವ ಮೊದಲೇ ಸಮಿತಿಯಲ್ಲಿ ಯಾರಿದ್ದಾರೆ, ಬಟ್ಟೆ ಬದಲಿಸುವ ಕೋಣೆ ಎಲ್ಲಿ, ರಾತ್ರಿ ಪಾಳಿಗೆ ಹೋಗಿಬರುವುದು ಹೇಗೆ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಬೇಕರಿಗೆ ಸೇರಬೇಡಿ. ‘ಹುಡುಗೀರಿಗೆ ಕೇಕ್ ಮೇಜು, ಭಟ್ಟಿ ಬೇಡ’ ಎಂದು ಬದಿಗೆ ಸರಿಸಿದರೆ ಒಪ್ಪಬೇಡಿ. ಭಟ್ಟಿ ಬಾರದ ಬೇಕರ್‌ಗೆ ಸಂಬಳ ಏರುವುದಿಲ್ಲ.

ಅವಧಿ ಮುಗಿದಾಗ

ಪರೀಕ್ಷೆಗೆ ಕೂರದೆ ಬಿಡಬೇಡಿ. ‘ಕೈಕೆಲಸ ಬಂತಲ್ಲ, ಕಾಗದ ಯಾಕೆ’ ಎನ್ನುವವರ ಮಾತು ಊರಿನ ಬೇಕರಿಗೆ ಸರಿಹೋಗಬಹುದು. ಹೋಟೆಲಿಗೆ, ಕಾರ್ಖಾನೆಗೆ, ದುಬೈಗೆ ಹೋಗುವಾಗ ಮೊದಲು ಕೇಳುವುದು ಆ ಪ್ರಮಾಣಪತ್ರವನ್ನೇ.

ತಕ್ಷಣ ಸ್ವಂತ ಅಂಗಡಿ ತೆರೆಯಬೇಡಿ. ಬೇರೊಂದು ಬೇಕರಿಯಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ, ಸಂಬಳಕ್ಕೆ ದುಡಿಯಿರಿ. ಒಬ್ಬರೇ ಮಾಸ್ಟರ್ ಹತ್ತಿರ ಕಲಿತವರಿಗೆ ಅವರ ತಪ್ಪುಗಳೂ ಬಂದಿರುತ್ತವೆ. ಆಮೇಲೆ ಮನೆಯಲ್ಲೇ ಸಣ್ಣದಾಗಿ ಶುರು ಮಾಡುವವರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇಲ್ಲದೆ ಒಂದು ಬಿಸ್ಕೆಟ್ಟೂ ಮಾರುವಂತಿಲ್ಲ.

ಕೊನೆಯದಾಗಿ, ‘ಕಲಿಸಿದ್ದೇವೆ, ಇನ್ನೆರಡು ವರ್ಷ ಇಲ್ಲೇ ಇರಬೇಕು’ ಎಂದು ಬಾಯಿಮಾತಿನಲ್ಲಿ ಕಟ್ಟಿಹಾಕಲು ಬಂದರೆ ಹೆದರಬೇಡಿ. ಒಪ್ಪಂದದಲ್ಲಿ ಹಾಗೆ ಬರೆದಿಲ್ಲದಿದ್ದರೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕರಿಗೂ ಇಲ್ಲ, ಕೊಟ್ಟ ಕೆಲಸ ಒಪ್ಪಲೇಬೇಕೆಂಬ ಕಟ್ಟುಪಾಡು ನಿಮಗೂ ಇಲ್ಲ. ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಕಾಯ್ದೆಯ 22ನೇ ಕಲಂ ಇಬ್ಬರನ್ನೂ ಕಟ್ಟಿಹಾಕುತ್ತದೆ. ಹಾಗಾಗಿ ಸಹಿ ಹಾಕುವ ದಿನವೇ ಒಪ್ಪಂದವನ್ನು ಪೂರ್ತಿ ಓದಿ. ಓದಲು ಕಷ್ಟವಾದರೆ ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.